ಲಾಂಛನ ಮತ್ತು ಲಿಪಿ: ಜಾಹೀರಾತು ಕಲೆಯ ಸ್ಫೂರ್ತಿಮೂಲವನ್ನು ಕುರಿತು

ಕವಿಗೆ ಸ್ಫೂರ್ತಿ ಎಲ್ಲಿಂದ ಒದಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಲಾಕ್ಷಣಿಕರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರು ಮಾತುಗಳು ವಾಚಕರಿಗೆ ಬಾಯಿಪಾಠವಾಗಿರುವಂಥವು. ಆದರೆ ಸಾಬೂನಿನ ಪೆಟ್ಟಿಗೆಗೆ, ಬ್ಯಾಂಕಿನ ಪಾಸ್‌ಬುಕ್ಕಿಗೆ, ಅಂಗಡಿಯ ಹಲಗೆಗೆ ರೂಪ ಕೊಡುವ ಕಲಾವಿದನಿಗೆ ಸ್ಫೂರ್ತಿ ಯಾವುದು ಎಂದು ಕನ್ನಡದಲ್ಲಿ ಕೇಳಿದವರು ತೀರ ಕಡಮೆ. ಅದು ವ್ಯಾಪಾರದ ವಿಷಯ, ವಿಮರ್ಶೆಗೆ ತಕ್ಕುದಲ್ಲ ಎಂಬ ಸಂಕೋಚ ಇದಕ್ಕೆ ಕಾರಣವಾಗಿರಬಹುದು. ಈ ಸಂಕೋಚಕ್ಕೆ ಆಧಾರವಿದ್ದಂತೆ ತೋರುವುದಿಲ್ಲ.

ಮಂದಸೋರಿನ ಶಾಸನವನ್ನೇ ನೋಡಬಹುದು. ಕ್ರಿ.ಶ. 5ನೆಯ ಶತಮಾನದಲ್ಲಿ ಲಾಟ ದೇಶದಿಂದ ಹೊರಟು ದಶಪುರಕ್ಕೆ ಬಂದು ನೆಲಸಿದ ರೇಷ್ಮೆ ನೇಕಾರರ ಶ್ರೇಣಿಯೊಂದು ಅಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿತು; ವತ್ಸಭಟ್ಟಿಯೆಂಬ ಕವಿಯಿಂದ ಅದರ ಪ್ರಶಸ್ತಿಯನ್ನು ಬರೆಸಿತು. ತಾರುಣ್ಯ, ಕಾಂತಿ, ಆಭರಣ, ತಾಂಬೂಲ, ಹೂವು ಎಲ್ಲವೂ ಇದ್ದರೂ ಹೆಣ್ಣು ರೇಷ್ಮೆಯ ಜೋಡಿ ವಸ್ತ್ರವನ್ನು ಉಡದೆ ಪ್ರಿಯನನ್ನು ಕಾಣಹೋಗಳು ಎಂಬರ್ಥದ ಶ್ಲೋಕ ಅದರಲ್ಲಿದೆ. ಇದನ್ನು ಭಾರತದ ಅತಿ ಹಳೆಯ ಜಾಹೀರಾತುಗಳಲ್ಲೊಂದೆಂದು ಕರೆದವರುಂಟು. ಹೊರನಾಡಿನಲ್ಲಿ ನೆಲಸಿರುವ ನಮಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಉಂಟು: ಈ ಜಾಹೀರಾತನ್ನು ಬರೆಸಿದವರು ವಲಸೆ ಬಂದವರು. ಕನ್ನಡ ನಾಡಿನಲ್ಲಿಯಾದರೋ ಅಯ್ಯಾವೊಳೆಯ ಐನೂರ್ವರು ತಮ್ಮ ಪ್ರಶಸ್ತಿಗಳನ್ನು ಕಲ್ಲಿನಲ್ಲಿ ಕೆತ್ತಿಸಿದರು. ಆನೆ, ಕುದುರೆ, ನೀಲಮಣಿ, ಶ್ರೀಗಂಧ, ಕರ್ಪೂರ ಎಂದು ಸರಕುಗಳ ಪಟ್ಟಿಯನ್ನು ಬಿರುದಾವಳಿಯ ಲಯದಲ್ಲಿಯೇ ಹಾಡಿಕೊಂಡ 11ನೆಯ ಶತಮಾನದ ಆ ವರ್ತಕರಿಗೆ ತಮ್ಮದೇ ಧ್ವಜವಿತ್ತು, ತಮ್ಮದೇ ಗುರುತಿತ್ತು. ಗಮನಿಸಬೇಕಾದುದೇನೆಂದರೆ, ಅವರಲ್ಲಿ ಗುರುತೂ ಮಾತೂ ಬೇರೆ ಬೇರೆಯಾಗಿರಲಿಲ್ಲ. ಚಿಹ್ನೆ ಎಲ್ಲಿಗೆ ಹೋಯಿತೋ ಅಲ್ಲಿಗೆ ಅಕ್ಷರವೂ ಹೋಯಿತು. ತಮಿಳುನಾಡಿನಲ್ಲಿ ಅವರ ಶಾಸನ ತಮಿಳಿನಲ್ಲಿರಬಹುದು. ಆದರೂ ಅಯ್ಯಾವೊಳೆಯ ಹೆಸರು ಅಲ್ಲಿಯೂ ಉಂಟು.

ಆಧುನಿಕ ಕಾಲದಲ್ಲಿ ಈ ಜೋಡಿ ಬೇರ್ಪಟ್ಟಿತೆಂಬುದು ಪ್ರಕೃತ ಲೇಖನದ ಅಭಿಪ್ರಾಯ. ನಮ್ಮ ಚಿತ್ರಗಳು ಗಡಿ ದಾಟಿದವು, ನಮ್ಮ ಲಿಪಿ ಊರಿನಲ್ಲಿಯೇ ಉಳಿಯಿತು.

ಬೇರ್ಪಡುವ ಮೊದಲಿನ ಒಂದು ಉತ್ತಮ ಉದಾಹರಣೆಯನ್ನು ಮೊದಲು ನೋಡೋಣ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧ ಹೊರದೇಶಕ್ಕೆ ಹೋಗದೆ ರಾಶಿ ಬಿದ್ದಿತು. ಅದನ್ನು ಇಲ್ಲಿಯೇ ಎಣ್ಣೆಯಾಗಿಸುವ, ಮುಂದೆ ಸಾಬೂನಾಗಿಸುವ ಉದ್ಯಮ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಉತ್ಸಾಹದಿಂದ 1916ರಲ್ಲಿ ಮೊದಲಾಯಿತು. ಅದಕ್ಕೆ ಶಾಸ್ತ್ರೀಯ ಬುನಾದಿ ಹಾಕಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಅವರು ರಸಾಯನಶಾಸ್ತ್ರಜ್ಞರು, ಆದರೂ ಕಣ್ಣಿನ ಶಾಸ್ತ್ರವನ್ನೂ ಬಲ್ಲವರಾಗಿದ್ದರು. ಆಗಿನ ಸಾಬೂನುಗಳೆಲ್ಲ ಇಟ್ಟಿಗೆಯಂತೆ ಚೌಕವಾಗಿದ್ದರೆ ಇದು ಅಂಡಾಕಾರವಾಯಿತು. ಪೆಟ್ಟಿಗೆ ಆಭರಣದ ಪೆಟ್ಟಿಗೆಯನ್ನು ಹೋಲಿತು. ಒಳಗೆ ಚಿನಿವಾರರು ಒಡವೆಗೆ ಸುತ್ತುವಂಥ ತೆಳುವಾದ ಕಾಗದ. ಸಿಂಹದ ದೇಹಕ್ಕೆ ಆನೆಯ ತಲೆಯಿಟ್ಟ ಶರಭ ಅದರ ಲಾಂಛನ. ಬೆಂಕಿಪೊಟ್ಟಣಗಳ ಮೇಲೆ, ಟ್ರಾಮಿನ ಟಿಕೇಟುಗಳ ಮೇಲೆ ಅದರ ಪ್ರಚಾರ ನಡೆಯಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದ್ದರು.

ಈ ರೂಪಗಳಲ್ಲಿ ಯಾವುದೂ ಹೊಸದಾಗಿ ಕಲ್ಪಿಸಿದುದಲ್ಲ ಎಂಬುದೇ ವಿಚಾರಾರ್ಹವಾದ ಸಂಗತಿ. ಒಡವೆಯ ಪೆಟ್ಟಿಗೆ ಪ್ರತಿಯೊಂದು ಮನೆಯ ಹೆಣ್ಣುಮಕ್ಕಳಿಗೂ ಗೊತ್ತಿತ್ತು. ಶರಭ ದೇವಾಲಯಗಳ ಶಿಲ್ಪಕ್ಕೆ ಹೊಸತಲ್ಲ. ಮೆರವಣಿಗೆಯಂತೂ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೋಡುವವರ ಕಣ್ಣಿನಲ್ಲಿ ಮೊದಲೇ ನೆಲೆಗೊಂಡಿದ್ದುದನ್ನು ಎತ್ತಿಕೊಂಡು ಹೊಸ ಸರಕಿಗೆ ತೊಡಿಸಿದುದೇ ಶಾಸ್ತ್ರಿಗಳ ಪ್ರತಿಭೆ.

ಇದಕ್ಕೂ ಮಿಗಿಲಾದುದು ಆ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚಾದ ಎರಡು ಮಾತು: ‘ಶ್ರೀಗಂಧದ ತವರಿನಿಂದ’. ಕನ್ನಡದಲ್ಲಿ ಇದಕ್ಕಿಂತ ಉತ್ತಮವಾದ ಜಾಹೀರಾತಿನ ವಾಕ್ಯವನ್ನು ನಾವು ಕಂಡಿಲ್ಲ. ವಾಕ್ಯವೆಂದದ್ದೂ ತಪ್ಪೆನ್ನಬಹುದು, ಇದರಲ್ಲಿ ಕ್ರಿಯಾಪದವಿಲ್ಲ. ಬರೀ ಒಂದು ವಿಭಕ್ತಿಯ ಮೇಲೆ ಮಾತು ನಿಂತಿದೆ. ‘ಬಂದದ್ದು’ ಎಂದೋ ‘ತಂದದ್ದು’ ಎಂದೋ ‘ಕಳಿಸಿದ್ದು’ ಎಂದೋ ಓದುವವರೇ ತುಂಬಿಕೊಳ್ಳಬೇಕು. ತವರೆಂಬ ಮಾತು ಮಾಡುವ ಕೆಲಸವಂತೂ ಅಪೂರ್ವವಾದುದು. ಊರೆಂದಿದ್ದರೆ ಭೂಗೋಳವಾಗುತ್ತಿತ್ತು, ನಾಡೆಂದಿದ್ದರೆ ರಾಜಕೀಯವಾಗುತ್ತಿತ್ತು. ತವರೆಂದೊಡನೆ ಸಾಬೂನು ಮಗಳಾಯಿತು. ಕೊಳ್ಳುವವರ ಮನೆ ಗಂಡನ ಮನೆಯಾಯಿತು. ಆ ಒಡವೆಯ ಪೆಟ್ಟಿಗೆಗೆ, ಆ ತೆಳು ಕಾಗದಕ್ಕೆ ಒಮ್ಮೆಗೇ ಅರ್ಥ ಬಂದಿತು. ತವರಿನಿಂದ ಬರುವ ಸಾಮಾನು ಹೀಗೆಯೇ ಅಲ್ಲವೆ ಬರುವುದು! ಚಿತ್ರವೂ ಮಾತೂ ಒಂದನ್ನೊಂದು ಬೆಳಗಿಸುವುದೆಂದರೆ ಇದು. ಪೆಟ್ಟಿಗೆಯ ಮೇಲಿನ ದೊಡ್ಡ ಹೆಸರು ಇಂಗ್ಲಿಷಿನಲ್ಲಿದೆ, ಕನ್ನಡದ ಸಾಲು ಚಿಕ್ಕದು. ಹಾಗಿದ್ದರೂ ಅಂದಗೊಳಿಸಿದ ಆ ಸರಕಿನ ಪ್ರಾಣವಿರುವುದು ಚಿಕ್ಕ ಸಾಲಿನಲ್ಲಿಯೇ.

2025ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರ ಈ ಸಾಬೂನಿನ ಪ್ರಚಾರಕ್ಕೆ ಚಿತ್ರನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳಿಗೆ 6.2 ಕೋಟಿ ರೂಪಾಯಿಗಳಿಗೆ ನೇಮಿಸಿದಾಗ ದೊಡ್ಡ ವಾದವೆದ್ದಿತು. ಕನ್ನಡದ ಮುಖವೇಕಲ್ಲ ಎಂದು ಕೆಲವರು, ವ್ಯಾಪಾರ ಹೊರನಾಡಿಗೆ ಹಬ್ಬಬೇಕು ಎಂದು ಸರಕಾರ. ಎರಡು ಪಕ್ಷಕ್ಕೂ ಹೇಳಲು ಮಾತಿತ್ತು. ಆದರೆ ಆ ವಾದ ಮುಖವನ್ನು ಕುರಿತದ್ದಾಯಿತೇ ಹೊರತು ಪೆಟ್ಟಿಗೆಯ ಮೇಲಿನ ಅಕ್ಷರವನ್ನು ಕುರಿತದ್ದಾಗಲಿಲ್ಲ.

ಇನ್ನು ಬ್ಯಾಂಕಿನ ಮಾತು. ಈ ಲೇಖಕನ ವೃತ್ತಿ ಅದಾದ್ದರಿಂದ ವಾಚಕರು ಸ್ವಲ್ಪ ಸೈರಿಸಬೇಕು. ಬ್ಯಾಂಕಿಗೂ ಜಾಹೀರಾತಿಗೂ ಏನು ಸಂಬಂಧವೆಂದು ಕೇಳುವವರು, ಹಣವನ್ನು ಬೇರೊಬ್ಬರ ಕೈಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಹೋಗುವ ಮನುಷ್ಯನನ್ನು ನೆನೆಯಬೇಕು. ಅವನ ಕೈಯಲ್ಲಿ ಉಳಿಯುವುದು ಒಂದು ಪಾಸ್‌ಬುಕ್ಕು. ಓದು ಬಾರದವನಿಗೆ ಅದರ ಮೇಲಿನ ಚಿತ್ರವೇ ಅಕ್ಷರ. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಹೆಸರಿನಿಂದ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಂಡು ಹೋಗುವ ಪದ್ಧತಿ ಅದು. ಈ ಬ್ಯಾಂಕಿನ ಲಾಂಛನ ನಾಯಿ. ನಿಷ್ಠೆ, ಸ್ನೇಹ ಎಂಬರ್ಥದ ಇಂಗ್ಲಿಷ್ ಮಾತುಗಳು ಅದರ ಜೊತೆಗಿದ್ದವು.

ನಾಯಿಯನ್ನು ಬೈಗುಳಾಗಿ ಬಳಸುವ ನಾಡಿನಲ್ಲಿ ಇದು ಎದೆಗಾರಿಕೆಯ ಆಯ್ಕೆ ಎನ್ನಬೇಕು. ಹಾಗಾದರೆ ಜನ ಅದನ್ನು ಒಪ್ಪಿದುದು ಹೇಗೆ? ಬೈಗುಳಿನ ಪಕ್ಕದಲ್ಲಿಯೇ ನಮ್ಮಲ್ಲಿ ಇನ್ನೊಂದು ನಾಯಿಯೂ ಇದೆ. ಧರ್ಮರಾಯನ ಜೊತೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿ ಅದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಾಳಿಯೂ ಅದೇ ಜಾತಿಯದು. ಕ್ರಿ.ಶ. 950ರ ಸುಮಾರಿನಲ್ಲಿ ತಕ್ಕೋಲದ ಯುದ್ಧದ ತರುವಾಯ ಗಂಗ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೆರನೆಂಬ ವೀರ ಕಾಳಿಯೆಂಬ ನಾಯಿಯನ್ನು ಬೇಡಿದನು. ಆ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದಕ್ಕೆ ಕಲ್ಲು ನೆಡಿಸಿ ಭೂಮಿ ಬಿಟ್ಟರು. ಬ್ಯಾಂಕಿನ ಲಾಂಛನಕ್ಕೆ ಈ ಶಾಸನವೇ ಮೂಲವೆಂದು ನಾವು ವಾದಿಸುವುದಿಲ್ಲ. ಹೇಳಬೇಕಾದುದು ಇಷ್ಟೆ: ನಂಬಿಕೆಗೆ ನಾಯಿಯ ರೂಪವನ್ನು ಕೊಡುವ ಕಣ್ಣು ಕನ್ನಡ ನೆಲಕ್ಕೆ ಹೊಸತಾಗಿರಲಿಲ್ಲ, ಲಾಂಛನವು ಆ ಕಣ್ಣನ್ನು ನಂಬಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ಈ ನಾಯಿ ಹಲಗೆಗಳಿಂದ ಇಳಿಯಿತು. ಅದರ ಜಾಗಕ್ಕೆ ಬಂದುದು ಹಳದಿ ನೀಲಿ ಬಣ್ಣದ, ಒಂದರೊಳಗೊಂದು ಹೆಣೆದ ಎರಡು ತ್ರಿಕೋನಗಳು. ಬೆಂಗಳೂರಿನ ರೇ ಅಂಡ್ ಕೇಶವನ್ ಸಂಸ್ಥೆ 2007ರಲ್ಲಿ ರೂಪಿಸಿಕೊಟ್ಟ ಈ ಗುರುತು ಅಚ್ಚುಕಟ್ಟಾದುದು. ಗೆರೆಯಲ್ಲಿ ಎಲ್ಲಿಯೂ ದೋಷವಿಲ್ಲ. ಆದರೆ ಇದು ವಿಮಾನದ ಕಂಪೆನಿಯ ಗುರುತಾಗಿದ್ದರೂ ಸಿಮೆಂಟಿನ ಗುರುತಾಗಿದ್ದರೂ ನಮಗೆ ಆಶ್ಚರ್ಯವಾಗುತ್ತಿರಲಿಲ್ಲ.

ಪುಣೆಯಲ್ಲಿ ವಾಸಿಸುವ ನಮಗೆ ಹೋಲಿಕೆಗೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. 1935ರಲ್ಲಿ ಇಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಮಹಾರಾಷ್ಟ್ರದ ಲಾಂಛನ ದೀಪಮಾಲೆ. ಕಂಬವೇ ಸಂಸ್ಥೆ, ಅದರ ಹಣತೆಗಳೇ ಶಾಖೆಗಳು ಎಂದು ಬ್ಯಾಂಕಿನವರು ಅದನ್ನು ವಿವರಿಸುತ್ತಾರೆ. ವಿವರಣೆ ಇಲ್ಲದೆಯೂ ಅದು ನಿಲ್ಲುತ್ತದೆ. ಜೇಜುರಿಯ ಮೆಟ್ಟಿಲು ಹತ್ತಿದವನಿಗೆ ದೀಪಮಾಲೆ ಏನೆಂದು ಹೇಳಬೇಕಾಗಿಲ್ಲ. ಇದಕ್ಕೆ ತದ್ವಿರುದ್ಧವಾದುದು ಸ್ಟೇಟ್ ಬ್ಯಾಂಕಿನ ನೀಲಿ ವೃತ್ತ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಶೇಖರ ಕಾಮತರು 1971ರಲ್ಲಿ ರಚಿಸಿದ ಅದು ಯಾವ ಪ್ರಾಂತಕ್ಕೂ ಸೇರದೆ ಇರುವುದರಿಂದಲೇ ಎಲ್ಲ ಪ್ರಾಂತಗಳಿಗೂ ಸಲ್ಲುತ್ತದೆ. ಅಖಿಲ ಭಾರತದ ಬ್ಯಾಂಕಿಗೆ ಅದು ಯುಕ್ತವೇ. ಹೀಗಾಗಿ ಜ್ಯಾಮಿತಿಯ ರೂಪಗಳನ್ನೆಲ್ಲ ನಾವು ಹಳಿಯುತ್ತಿಲ್ಲ. ಊರೂರಿನ ಬ್ಯಾಂಕುಗಳು ಒಂದೊಂದಾಗಿ ವಿಲೀನವಾಗಿ (ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ) ಅವುಗಳ ಗುರುತುಗಳು ಇಲ್ಲವಾದುವು. ಆ ಕುರಿತು ಒಂದು ಕಲಾವಿಮರ್ಶೆಯ ಮಾತೂ ನಮ್ಮ ಕಣ್ಣಿಗೆ ಬೀಳಲಿಲ್ಲವೆಂಬುದಷ್ಟೇ ನಮ್ಮ ಆಕ್ಷೇಪ.

ಈಗ ಗಡಿ ದಾಟಿ ಬಂದ ಚಿತ್ರಗಳ ಕಡೆಗೆ. ಈ ನಗರದ ಹಳೆಯ ಪೇಟೆಗಳಲ್ಲಿ ತಲೆಯೆತ್ತಿ ನೋಡಿದರೆ ಮಾಡಿನ ಮೇಲೆ ‘ಮಂಗಳೂರಿ ಕೌಲು’ ಕಾಣುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮೊದಲು ಮಾಡಿದ ಈ ಹೆಂಚಿನ ಉದ್ಯಮ ಪ್ರತಿಯೊಂದು ಹೆಂಚಿನ ಮೇಲೂ ಕಾರ್ಖಾನೆಯ ಹೆಸರನ್ನೂ ಊರನ್ನೂ ಒತ್ತುತ್ತಿತ್ತು, ಇಂಗ್ಲಿಷಿನಲ್ಲಿ. ಫರ್ಗ್ಯುಸನ್ ಕಾಲೇಜು ರಸ್ತೆಯ ರೂಪಾಲಿ, ವೈಶಾಲಿಗಳು ನಮ್ಮ ಕರಾವಳಿಯವರಾದ ದಿವಂಗತ ಜಗನ್ನಾಥ ಶೆಟ್ಟರ ಕಟ್ಟಡಗಳು. ಅವುಗಳ ಮೊದಲ ಹೆಸರುಗಳಲ್ಲಿದ್ದುದು ಮದ್ರಾಸೆಂಬ ಮಾತು! ಇಡ್ಲಿ ದೋಸೆಗಳೆಂದರೆ ಮದ್ರಾಸಿನವು ಎಂದು ಗಿರಾಕಿ ತಿಳಿದಿದ್ದ ಕಾಲದಲ್ಲಿ ವ್ಯಾಪಾರ ಬಲ್ಲವರು ಬೇರೇನು ಮಾಡಿಯಾರು? ಆರ್. ಕೆ. ಲಕ್ಷ್ಮಣರ ಕಥೆಯೂ ಇದೇ ಬಗೆಯದು. ಮೈಸೂರಿನಲ್ಲಿ ಹುಟ್ಟಿ, ರಾಶಿಯವರ ‘ಕೊರವಂಜಿ’ಗೆ ಚಿತ್ರ ಬರೆದು, 1954ರಲ್ಲಿ ಏಷ್ಯನ್ ಪೇಂಟ್ಸಿಗೆ ಕುಂಚ ಹಿಡಿದ ‘ಗಟ್ಟು’ ಎಂಬ ತುಂಟ ಹುಡುಗನನ್ನು ಸೃಷ್ಟಿಸಿದರು. 2015ರಲ್ಲಿ ಪುಣೆಯಲ್ಲಿಯೇ ನಿಧನರಾದರು. ಅವರ ಶ್ರೀಸಾಮಾನ್ಯನ ಪ್ರತಿಮೆ 2001ರಿಂದ ಇಲ್ಲಿಯ ಸಿಂಬಯಾಸಿಸ್ ಸಂಸ್ಥೆಯ ಆವರಣದಲ್ಲಿದೆ. 2022ರಲ್ಲಿ ಬಾಲೇವಾಡಿಯಲ್ಲಿ ಅವರ ಹೆಸರಿನ ಸಂಗ್ರಹಾಲಯ ತೆರೆಯಿತು. ಗಟ್ಟುವೂ ಶ್ರೀಸಾಮಾನ್ಯನೂ ಬಾಯಿ ಬಿಡುವುದಿಲ್ಲ. ಆದ್ದರಿಂದಲೇ ಅವರಿಗೆ ಎಲ್ಲೆಡೆಯೂ ಪ್ರವೇಶ.

ಹಾಗಾದರೆ ಲಿಪಿಯ ಗತಿ ಏನಾಯಿತು? ಇಲ್ಲಿ ಪುಣೆಯ ಪಾತ್ರ ವಿಚಿತ್ರವಾದುದು. ಕನ್ನಡದ ಮುದ್ರಣಾಲಯಗಳು ಸೀಸದ ಮೊಳೆಗಳನ್ನು ಬಿಟ್ಟು ಗಣಕಕ್ಕೆ ಬಂದಾಗ ಅವುಗಳಿಗೆ ಅಕ್ಷರ ಒದಗಿಸಿದ ನಗರಗಳಲ್ಲಿ ಇದು ಮುಖ್ಯವಾದುದು. 1988ರಲ್ಲಿ ಇಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಭಾರತೀಯ ಲಿಪಿಗಳಿಗೆ ‘ಜಿಸ್ಟ್’ ಎಂಬ ತಂತ್ರಜ್ಞಾನವನ್ನು ಬೆಳೆಸಿತು. ಇಲ್ಲಿಯದೇ ಆದ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ‘ಶ್ರೀಲಿಪಿ’ ಕರ್ನಾಟಕದ ಡಿ.ಟಿ.ಪಿ. ಅಂಗಡಿಗಳಲ್ಲಿ ಮನೆಮಾತಾಯಿತು. ಮದುವೆಯ ಕರೆಯೋಲೆ, ಚುನಾವಣೆಯ ಕರಪತ್ರ, ಸೀರೆಯಂಗಡಿಯ ಜಾಹೀರಾತು ಎಷ್ಟೋ ಪುಣೆಯಲ್ಲಿ ತಿದ್ದಿದ ಅಕ್ಷರಗಳಲ್ಲಿಯೇ ಹೊರಬಂದುವು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ‘ತುಂಗಾ’ ಎಂಬ ಕನ್ನಡ ಅಕ್ಷರಮಾಲೆಯಾದರೋ ಆರ್. ಕೆ. ಜೋಶಿಯವರ ನಿರ್ದೇಶನದಲ್ಲಿ ಸಿದ್ಧವಾದುದು. ಮರಾಠಿ ಕವಿ, ಲಿಪಿಕಾರ, ಉಲ್ಕಾ ಜಾಹೀರಾತು ಸಂಸ್ಥೆಯ ಕಲಾನಿರ್ದೇಶಕ, ಮುಂಬಯಿಯ ಐ.ಐ.ಟಿ.ಯಲ್ಲಿ ಅಧ್ಯಾಪಕ ಎಲ್ಲವೂ ಆಗಿದ್ದ ಜೋಶಿಯವರು (1936–2008) ಜಾಹೀರಾತಿನ ಕೆಲಸದಿಂದಲೇ ಲಿಪಿಯ ಧ್ಯಾನಕ್ಕೆ ಏರಿದವರು. ಲಕ್ಷಾಂತರ ಕನ್ನಡಿಗರು ಗಣಕದ ತೆರೆಯ ಮೇಲೆ ಮೊದಲು ಕಂಡ ಕನ್ನಡ ಈ ಮರಾಠಿ ಕಲಾವಿದರ ಕಣ್ಣಿನ ಕೆಳಗೆ ರೂಪುಗೊಂಡುದು. ಇದಕ್ಕಾಗಿ ನಾವು ಕೃತಜ್ಞರಾಗಿರಬೇಕು, ಅಷ್ಟಕ್ಕೇ ತೃಪ್ತರಾಗಿರಬಾರದು.

ಏಕೆಂದರೆ ಉಪಕರಣ ಬಂದಮೇಲೆ ಕಲಾವಿದನ ಕೈ ಬರಬೇಕು, ಅದು ಬಂದುದು ಅಲ್ಪ. ಕನ್ನಡ ಜಾಹೀರಾತೊಂದನ್ನು ಎದುರಿಗೆ ಇಟ್ಟುಕೊಂಡು ನೋಡಿದರೆ ಇದು ತಿಳಿಯುತ್ತದೆ. ದೇವನಾಗರಿಯ ಅಕ್ಷರಗಳು ಶಿರೋರೇಖೆಗೆ ಜೋತುಬಿದ್ದಿರುತ್ತವೆ, ಪದವೊಂದು ಬಟ್ಟೆ ಹರವಿದ ಹಗ್ಗದಂತೆ ಒಟ್ಟಾಗಿ ಕಾಣುತ್ತದೆ. ಕನ್ನಡದಲ್ಲಿ ಪ್ರತಿಯೊಂದು ಅಕ್ಷರವೂ ತನ್ನದೇ ತಲೆಕಟ್ಟನ್ನು ಹೊತ್ತು ದುಂಡಗೆ ಬೇರೆಯಾಗಿ ಕುಳಿತುಕೊಳ್ಳುತ್ತದೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಸ್ವಾತಂತ್ರ್ಯ’ದಂಥ ಮಾತಿನಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಇಂಗ್ಲಿಷಿಗೆ ಅಳೆದ ಸಾಲಿನ ಅಂತರದಲ್ಲಿ ಇದನ್ನು ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆಗ ವಿನ್ಯಾಸಕಾರನು ಅಕ್ಷರವನ್ನು ಕುಗ್ಗಿಸುತ್ತಾನೆ, ಇಲ್ಲವೆ ಅಡ್ಡಕ್ಕೆ ಎಳೆಯುತ್ತಾನೆ. ಎಳೆದೊಡನೆ ಗೆರೆಯ ದಪ್ಪ ಸಣ್ಣಗಳ ಲೆಕ್ಕ ಕೆಟ್ಟು, ದುಂಡಗಿನ ಅಕ್ಷರ ಚಪ್ಪಟೆಯಾದ ಭಕ್ಕರಿಯಂತಾಗುತ್ತದೆ. ಮಾತಿನ ಅವಸ್ಥೆಯೂ ಇದಕ್ಕಿಂತ ಮೇಲಲ್ಲ. ‘ಪಡೆಯಿರಿ’, ‘ಆನಂದಿಸಿರಿ’, ‘ತ್ವರೆಮಾಡಿರಿ’ ಎಂಬ ವಿಧ್ಯರ್ಥಕಗಳ ಸಾಲು ಹಿಂದಿಯಿಂದಲೋ ಇಂಗ್ಲಿಷಿನಿಂದಲೋ ನೇರವಾಗಿ ಇಳಿದಿರುತ್ತದೆ. ಕ್ರಿಯಾಪದವನ್ನೇ ಬಿಟ್ಟು ಗೆದ್ದ ಸಾಬೂನಿನ ಸಾಲನ್ನು ನೆನೆದರೆ ಈ ಕ್ರಿಯಾಪದಗಳ ಸಂತೆ ನಗೆ ಬರಿಸುತ್ತದೆ.

ಮರಾಠಿಯವರು ಈ ವಿಷಯದಲ್ಲಿ ನಮಗಿಂತ ಮುಂದೆ ನಡೆದಿದ್ದಾರೆಂದು ಹೇಳಲು ಸಂಕೋಚವಿಲ್ಲ. ನಾಟಕಗಳ ಜಾಹೀರಾತು ಪ್ರಕಟವಾಗುವ ಇಲ್ಲಿಯ ಪತ್ರಿಕೆಗಳ ಪುಟವನ್ನು ಎಷ್ಟು ಜನ ಕನ್ನಡಿಗರು ಗಮನಿಸಿದ್ದಾರೆ? ಒಂದೊಂದು ನಾಟಕದ ಹೆಸರಿಗೂ ಒಂದೊಂದು ಕೈಬರಹ. ಹೆಸರನ್ನು ಓದುವ ಮೊದಲೇ ಅದು ಪ್ರಹಸನವೋ ಐತಿಹಾಸಿಕವೋ ತಿಳಿದುಹೋಗುತ್ತದೆ. ಕಮಲ ಶೆಡಗೆಯವರಂಥ ಅಕ್ಷರಕಾರರು (2020ರಲ್ಲಿ ತೀರಿಕೊಂಡರು) ಇದನ್ನೇ ಜೀವಮಾನದ ಕಾಯಕ ಮಾಡಿಕೊಂಡರು. ಅವರು ಸ್ಫೂರ್ತಿಗಾಗಿ ಹೊರಗೆ ನೋಡಲಿಲ್ಲ, ಶಬ್ದದ ಅರ್ಥವನ್ನು ನೋಡಿದರು. ಕನ್ನಡದಲ್ಲಿ ಈ ದಿಸೆಯ ಕೆಲಸ ಈಚೆಗೆ ನಡೆಯುತ್ತಿಲ್ಲವೆಂದಲ್ಲ. ವೈಷ್ಣವಿ ಮೂರ್ತಿಯವರ ‘ಆಕಾಯ ಕನಡಕ’, ಮುಂಬಯಿಯ ಏಕ್ ಟೈಪ್ ಬಳಗದ ‘ಬಲೂ ತಮ್ಮ’ ಇವು ಕನ್ನಡದ ದುಂಡುತನವನ್ನು ಅಡ್ಡಿಯೆಂದು ಬಗೆಯದೆ ಗುಣವೆಂದು ಬಗೆದ ಅಕ್ಷರಮಾಲೆಗಳು. ಎರಡೂ ಉಚಿತವಾಗಿ ದೊರೆಯುತ್ತವೆ. ಬಳಸುವವರು ಬೇಕು.

2024ರಲ್ಲಿ ಕರ್ನಾಟಕದ ಶಾಸಕಾಂಗ ತಿದ್ದುಪಡಿಯೊಂದನ್ನು ಅಂಗೀಕರಿಸಿ ನಾಮಫಲಕಗಳಲ್ಲಿ ನೂರಕ್ಕೆ 60ರಷ್ಟು ಕನ್ನಡವಿರಬೇಕೆಂದು ವಿಧಿಸಿತು. ಮಹಾರಾಷ್ಟ್ರವೂ ಅಂಗಡಿಯ ಹಲಗೆಗೆ ಮರಾಠಿಯನ್ನು ಕಡ್ಡಾಯ ಮಾಡಿದೆ, ಅದು ನ್ಯಾಯವೇ. ಕಾಯಿದೆ ಅಳೆಯಬಲ್ಲುದು ಜಾಗವನ್ನು. ಆ 60 ಭಾಗದಲ್ಲಿ ಕನ್ನಡ ಭಕ್ಕರಿಯಂತೆ ಬಿದ್ದುಕೊಂಡರೆ, ಉಳಿದ 40ರಲ್ಲಿ ಇಂಗ್ಲಿಷು ಕುಶಲ ಕೈಯಿಂದ ಅಲಂಕೃತವಾಗಿ ನಿಂತರೆ, ದಾರಿಹೋಕನ ಕಣ್ಣು ಯಾವುದರ ಮೇಲೆ ನಿಲ್ಲುವುದೆಂದು ಹೇಳಬೇಕಾಗಿಲ್ಲ.

ಇದು ಕರ್ನಾಟಕದವರ ಚಿಂತೆ, ನಮಗೇನು ಎನ್ನುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಕನ್ನಡ ಮಾತಾಡುವ, ಆದರೆ ಕನ್ನಡ ಓದಲಾರದ ಮಕ್ಕಳು ಬೆಳೆಯುತ್ತಿದ್ದಾರೆ. ಉಡುಪಿಯ ಆ ನಿರಕ್ಷರ ಠೇವಣಿದಾರನಿಗೆ ಚಿತ್ರವೇ ಅಕ್ಷರವಾಗಿತ್ತು. ಈ ಮಕ್ಕಳಿಗೆ ಅಕ್ಷರವೇ ಚಿತ್ರವಾಗಿದೆ. ‘ಕ’ಕಾರವನ್ನು ಅವರು ಓದುವುದಿಲ್ಲ, ನೋಡುತ್ತಾರೆ. ಅದು ಸುಂದರವಾಗಿದ್ದರೆ ಇದೇನೆಂದು ಕೇಳುತ್ತಾರೆ, ಇಲ್ಲದಿದ್ದರೆ ಮುಂದಕ್ಕೆ ಹೋಗುತ್ತಾರೆ. ಹೊರನಾಡ ಸಂಘಗಳ ಆಮಂತ್ರಣ ಪತ್ರಿಕೆಗಳನ್ನು ಒಮ್ಮೆ ಈ ಮಕ್ಕಳ ಕಣ್ಣಿನಿಂದ ನೋಡಬೇಕು. ಗಣಪತಿಯ ಬಣ್ಣದ ಚಿತ್ರಕ್ಕೆ ಅರ್ಧ ಪುಟ, ಅತಿಥಿಗಳ ಬಿರುದಾವಳಿಗೆ ಉಳಿದರ್ಧ, ಅದೂ ಡಿ.ಟಿ.ಪಿ.ಯವನ ಪಟ್ಟಿಯಲ್ಲಿ ಮೊದಲು ಸಿಕ್ಕಿದ ಅಕ್ಷರದಲ್ಲಿ.

ಸ್ಫೂರ್ತಿಗೆ ನಮ್ಮಲ್ಲಿ ಬಡತನವಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಅಕ್ಷರಗಳ ಠೀವಿಯನ್ನು ನೋಡಿದವರು ಇದನ್ನು ಒಪ್ಪುತ್ತಾರೆ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 1843ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದಾಗ ಆ ಅಕ್ಷರಗಳು ಕೈಯಿಂದ ಬರೆದಂಥವು, ಮೊಳೆಯ ಬಿಗಿತ ಅವುಗಳಿಗೆ ತಟ್ಟಿರಲಿಲ್ಲ. ಇನ್ನೂ ಸಮೀಪದ ಆಕರವೆಂದರೆ ಹಲಗೆ ಬರೆಯುವ ಪೇಂಟರುಗಳದು. ತಗಡಿನ ಮೇಲೆ ಸೀಮೆಸುಣ್ಣದ ಗೆರೆ ಹಾಕಿ, ಚಪ್ಪಟೆ ಕುಂಚದ ಒಂದೇ ಎಳೆತಕ್ಕೆ ‘ಶ’ಕಾರದ ಹೊಟ್ಟೆಯನ್ನು ತಿರುವಿ, ಬಲಕ್ಕೆ ಕೆಂಪು ನೆರಳು ಕೊಡುತ್ತಿದ್ದ ಆ ಕೈಗಳಿಗೆ ಒತ್ತಕ್ಷರ ಎಂದೂ ಅಡ್ಡಿಯಾಗಿರಲಿಲ್ಲ. ಅವರು ಅದನ್ನು ಬಳ್ಳಿಯ ಕುಡಿಯಂತೆ ಪಕ್ಕದ ಅಕ್ಷರದ ಕೆಳಗೆ ಹರಿಯಬಿಡುತ್ತಿದ್ದರು. ಫ್ಲೆಕ್ಸ್ ಬಂದಮೇಲೆ ಆ ಹಲಗೆಗಳು ಗುಜರಿಗೆ ಹೋಗುತ್ತಿವೆ. ಬೆಳಗಾವಿ, ಧಾರವಾಡ, ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಗೆ ರಜೆಯಲ್ಲಿ ಹೋಗಿಬರುವ ಸದಸ್ಯರು ಹಳೆಯ ಕಿರಾಣಿ ಅಂಗಡಿಗಳ, ಗಿರಣಿಗಳ, ಖಾನಾವಳಿಗಳ ಮೇಲೆ ಇಂಥ ಕನ್ನಡ ಹಲಗೆಗಳನ್ನು ಕಂಡರೆ ಛಾಯಾಚಿತ್ರ ತೆಗೆದು, ಊರು ಬೀದಿಗಳನ್ನೂ ಬರೆದವರ ಹೆಸರನ್ನೂ ಗುರುತು ಮಾಡಿಕೊಂಡು ಬರಬೇಕೆಂದು ಕೋರುತ್ತೇವೆ. ಇಪ್ಪತ್ತು ಮೂವತ್ತು ಕೂಡಿದರೂ ಸಾಕು, ಮುಂದಿನ ಸಂಚಿಕೆಗಳಲ್ಲಿ ಅವಕ್ಕೆ ನಾಲ್ಕು ಪುಟ ದೊರೆಯುವುದೆಂದು ನಂಬಿದ್ದೇವೆ.